ಕೊನೆಯ ಬೆಲ್ಲಿಗೆ ಮುಂಚೆ

ಮಸಿನಗುಡಿ ಸುತ್ತಿನ ಸರ್ಕಾರಿ ಶಾಲೆಗಳ ಆಡಳಿತ ಸಮಿತಿಯಲ್ಲಿರುವ ಅಕ್ಕಂದಿರೇ, ಅಣ್ಣಂದಿರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಶಾಲೆಯಲ್ಲಿ ಆಟವೋ ಹಾಡೋ ನಾಟಕವೋ ಚೆಸ್ಸೋ, ಏನೇ ನಡೆಯಲಿ, ಅದು ಕೊನೆಯ ಬೆಲ್ ಹೊಡೆದ ಮೇಲೆ ನಡೆಯುವುದು ಬೇಡ. ಬೆಲ್ಲಿಗೆ ಮುಂಚೆ, ಟೈಮ್‌ಟೇಬಲ್ಲಿನ ಒಳಗೇ ನಡೆಯಲಿ. ಈ ಮಾತನ್ನು ಮುಂದಿನ ಸಭೆಯಲ್ಲಿ ನೀವು ಎತ್ತಬೇಕು, ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಅದನ್ನು ಕೇಳಿಕೊಳ್ಳುವುದಕ್ಕೇ ಈ ಪತ್ರ.

ನಾನು ಗುಂಡ್ಲುಪೇಟೆ ಕಡೆಯವನು. ನಮ್ಮ ಚಿಕ್ಕಮ್ಮನನ್ನು ನಿಮ್ಮ ಮಾವನಹಳ್ಳಕ್ಕೆ ಕೊಟ್ಟಿದೆ. ಮದುವೆ, ತಿಥಿ, ಬೊಕ್ಕಾಪುರದ ಮಾರಮ್ಮನ ಹಬ್ಬ ಎಂದು ಬಂಡೀಪುರ ದಾಟಿ ಬರುತ್ತಲೇ ಇರುತ್ತೇವೆ. ರಾತ್ರಿ ಒಂಬತ್ತಕ್ಕೆ ಅಲ್ಲಿನ ಕಾಡುರಸ್ತೆಯ ಗೇಟು ಬೀಳುತ್ತದೆ, ಬೆಳಗ್ಗೆ ಆರಕ್ಕೆ ಏಳುತ್ತದೆ; 2009ರಿಂದ ನಮ್ಮ ನೆಂಟಸ್ತನದ ವೇಳಾಪಟ್ಟಿಯನ್ನು ಆ ಗೇಟೇ ಬರೆಯುತ್ತಿದೆ. ಆದ್ದರಿಂದ ಹೊರಗಿನವನೊಬ್ಬ ಬಂದು ಬುದ್ಧಿ ಹೇಳುತ್ತಿದ್ದಾನೆ ಎಂದುಕೊಳ್ಳಬೇಡಿ. ಎಂದುಕೊಂಡರೂ ಪತ್ರ ಪೂರ್ತಿ ಓದಿ, ಆಮೇಲೆ ಬೈಯಿರಿ.

ನಮ್ಮ ಕಡೆ ಎಸ್‌ಡಿಎಂಸಿ ಅನ್ನುವ ಶಾಲಾ ಸಮಿತಿಯನ್ನು ನಿಮ್ಮಲ್ಲಿ ಎಸ್‌ಎಂಸಿ ಅನ್ನುತ್ತಾರೆ. ಈಗ ಎರಡಕ್ಕೂ ಅನ್ವಯಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ತಮಿಳುನಾಡು ಸರ್ಕಾರ 2022ರಲ್ಲಿ ಈ ಸಮಿತಿಗಳನ್ನು ಹೊಸದಾಗಿ ಕಟ್ಟಿತು. ಎಷ್ಟೋ ಕಡೆ ಇದು ಹೆಡ್‌ಮಾಸ್ಟರು ಹೇಳಿದ ಕಡೆ ಸಹಿ ಹಾಕುವ ಕೂಟವಾಗಿಯೇ ಉಳಿದಿದೆ, ಎರಡೂ ರಾಜ್ಯಗಳಲ್ಲಿ. ಆದರೆ ಕಟ್ಟಡ ಸೋರುತ್ತದೆ, ಕಕ್ಕಸಿಗೆ ನೀರಿಲ್ಲ ಎಂದು ಬರೆದುಕೊಡುವ ಅಧಿಕಾರ ನಿಮಗೆ ಇರುವಂತೆ, ನಮ್ಮ ಮಕ್ಕಳು ಆಡುವ ಹೊತ್ತು ಯಾವುದು ಎಂದು ಕೇಳುವ ಅಧಿಕಾರವೂ ಇದೆ. ಅದನ್ನು ಯಾರೂ ಕೇಳದಿರುವುದಕ್ಕೆ ಕಾರಣ, ಆಟವೆಂದರೆ ಓದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾಡುವಂಥದ್ದು ಎಂದು ನಾವೆಲ್ಲ ನಂಬಿರುವುದು. ಮೈಸೂರಿನಲ್ಲೋ ಕೊಯಮತ್ತೂರಿನಲ್ಲೋ ಆ ನಂಬಿಕೆಯಿಂದ ದೊಡ್ಡ ನಷ್ಟವಿಲ್ಲ. ಸಂಜೆ ಆರರವರೆಗೆ ಆಡಿ ಹುಡುಗ ನಡೆದು ಮನೆಗೆ ಹೋಗುತ್ತಾನೆ. ನಿಮ್ಮಲ್ಲಿ ಉಳಿದ ಹೊತ್ತು ಎಂಬುದೇ ಇಲ್ಲ.

ನಾಲ್ಕು-ನಾಲ್ಕೂವರೆಗೆ ಬೆಲ್ ಹೊಡೆದ ಮೇಲೆ ಮೈದಾನದಲ್ಲಿ ಯಾರು ಉಳಿಯುತ್ತಾರೆ ಎಂದು ನೀವೇ ಲೆಕ್ಕ ಹಾಕಿ. ಬಜಾರಿನ ಮಕ್ಕಳು ಉಳಿಯಬಹುದು: ಅಂಗಡಿಯವರ ಮಕ್ಕಳು, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯವರು, ಅಪ್ಪ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುವವರು. ಬಸ್ಸಿನ ಮಕ್ಕಳು ಉಳಿಯಲಾರರು. ಮೋಯಾರ್, ವಾಳೈತೋಟಂ, ಚೆಮ್ಮನತ್ತಂ, ಚೊಕ್ಕನಹಳ್ಳಿ, ಆನೆಕಟ್ಟಿ, ಸಿರಿಯೂರು, ಈ ಹೆಸರುಗಳ ದಾರಿಯೆಲ್ಲ ಕಾಡು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಕೈಯಲ್ಲಿ ಬಿಟ್ಟಿ ಬಸ್ ಪಾಸ್ ಇದೆ, ನಿಜ. ಪಾಸಿಗೆ ತಕ್ಕ ಬಸ್ಸು ಬೇಕಲ್ಲ. ಒಂದು ಬಸ್ಸು ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಆನೆ ಇಳಿಯುವ ಹೊತ್ತು. ತಮಿಳುನಾಡಿನಲ್ಲಿ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಬಿಟ್ಟಿ ಸೈಕಲ್ ಕೊಡುತ್ತಾರೆ. ಬಯಲುಸೀಮೆಯಲ್ಲಿ ಅದರಿಂದ ಎಷ್ಟೋ ಹೆಣ್ಣುಮಕ್ಕಳ ಓದು ಉಳಿದಿದೆ, ಕೈಮುಗಿಯಬೇಕಾದ ಯೋಜನೆ. ಆದರೆ ಸೀಗೂರಿನ ಕುರುಚಲು ಕಾಡಿನಲ್ಲಿ ಮುಸ್ಸಂಜೆ ಸೈಕಲ್ ತುಳಿದುಕೊಂಡು ಬಾ ಎಂದು ಯಾವ ತಾಯಿ ಮಗಳಿಗೆ ಹೇಳುತ್ತಾಳೆ?

ಈ ದಾರಿಗಳನ್ನು ನೋಡದವರಿಗಾಗಿ ಎರಡು ಮಾತು. ಮಸಿನಗುಡಿ ಇರುವುದು ನೀಲಗಿರಿಯ ಬೆಟ್ಟದ ಬುಡದಲ್ಲಿ, ಸೀಗೂರು ಪ್ರಸ್ಥಭೂಮಿಯಲ್ಲಿ. ಊಟಿಯಿಂದ ಕಲ್ಲಟ್ಟಿ ಘಾಟಿಯಲ್ಲಿ ಇಳಿದರೆ 36 ಹೇರ್‌ಪಿನ್ ತಿರುವು. ಅಪಘಾತಗಳಾಗಿ ಹೊರಗಿನ ಗಾಡಿಗಳು ಆ ದಾರಿಯಲ್ಲಿ ಇಳಿಯುವುದಕ್ಕೆ ನಿರ್ಬಂಧವಿದೆ. ಗೂಡಲೂರು ಸುತ್ತಿ ತೆಪ್ಪಕಾಡಿನ ಮೇಲೆ ಬಂದರೆ ಅರವತ್ತು ಕಿಲೋಮೀಟರಿಗೂ ಮೇಲೆ. ಸುತ್ತ 2007ರಲ್ಲಿ ಹುಲಿ ಮೀಸಲು ಎಂದು ಘೋಷಣೆಯಾದ ಮುದುಮಲೈ. ಪಶ್ಚಿಮಘಟ್ಟಕ್ಕೂ ಪೂರ್ವಘಟ್ಟಕ್ಕೂ ನಡುವೆ ಆನೆಗಳು ಓಡಾಡುವ ಹಾದಿ ಇದೇ ಬಯಲಿನಲ್ಲಿದೆ. ಆ ಹಾದಿಯನ್ನು ಉಳಿಸಬೇಕೆಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 14ರಂದು ಹೇಳಿತು. ತೀರ್ಪು ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಲ್ಲಿ ಬರುವುದಿಲ್ಲ; ನಿಮ್ಮಲ್ಲಿ ರೆಸಾರ್ಟಿನ ಕೆಲಸ ನಂಬಿದವರೂ ಇದ್ದೀರಿ, ಆನೆ ತುಳಿದ ಹೊಲದವರೂ ಇದ್ದೀರಿ. ಸಂಜೆಯಾದ ಮೇಲೆ ದಾರಿ ಆನೆಯದ್ದು ಎಂಬುದರಲ್ಲಿ ಮಾತ್ರ ನಿಮ್ಮೆಲ್ಲರದೂ ಒಂದೇ ಮಾತು.

ಇಂಥ ಕಡೆ ಸಂಜೆ ಐದಕ್ಕೆ ಕಬಡ್ಡಿ ಪ್ರಾಕ್ಟೀಸು ಇಟ್ಟರೆ ತಂಡದಲ್ಲಿ ಯಾರಿರುತ್ತಾರೆ ಎಂದು ಆಟ ಶುರುವಾಗುವ ಮೊದಲೇ ತೀರ್ಮಾನವಾಗಿಬಿಡುತ್ತದೆ. ಯಾರೂ ಬೇಕೆಂದು ಹೊರಗಿಟ್ಟಿಲ್ಲ. ಟೈಮ್‌ಟೇಬಲ್ಲು ಹೊರಗಿಟ್ಟಿದೆ. ಹೊರಗುಳಿಯುವವರು ಯಾರೆಂದು ನೋಡಿ: ಹೆಚ್ಚಿನವರು ಇರುಳರ, ಜೇನುಕುರುಂಬರ ಹಾಡಿಗಳಿಂದ ಬರುವವರು, ಮತ್ತೆ ಹೆಣ್ಣುಮಕ್ಕಳು. ಓಡುವುದರಲ್ಲಿ, ಮರ ಹತ್ತುವುದರಲ್ಲಿ, ಗುರಿ ಇಡುವುದರಲ್ಲಿ ಉಳಿದವರಿಗಿಂತ ಮುಂದಿರುವ ಮಕ್ಕಳೇ ಶಾಲೆಯ ತಂಡದಲ್ಲಿ ಇಲ್ಲದಿದ್ದರೆ ನಷ್ಟ ಆ ಮಕ್ಕಳದೊಂದೇ ಅಲ್ಲ, ಶಾಲೆಯದೂ ಹೌದು.

ಕಲೈ ತಿರುವಿಳಾ ವಿಷಯಕ್ಕೂ ಇದೇ ಮಾತು. ಸರ್ಕಾರಿ ಶಾಲೆಯ ಮಕ್ಕಳ ಕಲಾ ಉತ್ಸವವನ್ನು ತಮಿಳುನಾಡು 2022ರಲ್ಲಿ ಶುರು ಮಾಡಿತು. ಶಾಲೆಯಲ್ಲಿ ಗೆದ್ದವರು ವಲಯಕ್ಕೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ರಾಜ್ಯಕ್ಕೆ. ನಮ್ಮ ಪ್ರತಿಭಾ ಕಾರಂಜಿಯ ಹಾಗೆ. ಒಳ್ಳೆಯ ಕೆಲಸ. ಆದರೆ ಗುಂಪು ನೃತ್ಯಕ್ಕೆ ರಿಹರ್ಸಲ್ ಬೇಕು, ರಿಹರ್ಸಲ್ಲಿಗೆ ಹೊತ್ತು ಬೇಕು. ಹಾಡುವ ಗಂಟಲು ಸಿರಿಯೂರಿನಲ್ಲಿದ್ದು, ರಿಹರ್ಸಲ್ ಐದು ಗಂಟೆಗೆ ಮಸಿನಗುಡಿಯಲ್ಲಿದ್ದರೆ? ಸಿನಿಮಾ ಹಾಡಿಗೆ ಕುಣಿಸಿ ಕಳಿಸಿದರೆ ಜಿಲ್ಲಾ ಮಟ್ಟದಲ್ಲಿ ನೂರರಲ್ಲಿ ಒಂದಾಗುತ್ತದೆ. ಕೊಳಲು, ತಮಟೆ ಹಿಡಿದು ಹಾಡಿಯ ಹಿರಿಯರೊಬ್ಬರು ಬೆಳಗ್ಗೆ ಹನ್ನೊಂದಕ್ಕೆ ಶಾಲೆಗೆ ಬಂದು ಒಂದು ಪಿರಿಯಡ್ ಕಲಿಸಿದರೆ ಅದು ಬೇರೆಯೇ ಆಗುತ್ತದೆ. ಅವರಿಗೆ ಬಸ್ಸಿನ ಚಾರ್ಜು, ಅವತ್ತಿನ ಕೂಲಿ ಕೊಡಿ. ಬಿಟ್ಟಿ ಕರೆಸಿ ಶಾಲು ಹೊದಿಸುವುದು ನಮ್ಮ ಎರಡೂ ಕಡೆಯ ಕೆಟ್ಟ ಚಾಳಿ.

ಮಹಿಳ್ ಮುಟ್ರಂ ಎಂಬ ಹೆಸರಿನಲ್ಲಿ ಈಚೆಗೆ ಮಕ್ಕಳನ್ನು ಐದು ಹೌಸ್‌ಗಳಾಗಿ ಹಂಚುತ್ತಿದ್ದಾರೆ: ಕುರಿಂಜಿ, ಮುಲ್ಲೈ, ಮರುದಂ, ನೆಯ್ದಲ್, ಪಾಲೈ. ಹಳೆಯ ತಮಿಳು ಕಾವ್ಯದ ಐದು ನೆಲಗಳು. ಬೆಟ್ಟ, ಕಾಡು, ಗದ್ದೆ, ಕಡಲು, ಒಣನೆಲ. ಗದ್ದೆ, ಕಡಲು ಬಿಟ್ಟರೆ ಉಳಿದ ಮೂರೂ ನಿಮ್ಮ ಮನೆಯಂಗಳದಲ್ಲೇ ಇವೆ, ನೋಡಿ. ಒಂದೇ ಹಾಡಿಯ ಮಕ್ಕಳನ್ನೆಲ್ಲ ಒಂದೇ ಹೌಸಿಗೆ ತಳ್ಳದೆ ಬೆರೆಸಿ ಹಾಕಲು ಹೇಳಿ. ಬಜಾರಿನ ಹುಡುಗನಿಗೂ ಚೆಮ್ಮನತ್ತದ ಹುಡುಗನಿಗೂ ಒಂದೇ ಬಣ್ಣದ ಅಂಗಿ ಸಿಕ್ಕಿದರೆ ಆಮೇಲಿನ ಕೆಲಸ ಅವರೇ ಮಾಡಿಕೊಳ್ಳುತ್ತಾರೆ.

ಇನ್ನು ಪಿ.ಟಿ. ಪಿರಿಯಡ್ಡಿನ ಕಥೆ. ಟೈಮ್‌ಟೇಬಲ್ಲಿನಲ್ಲಿ ಅದು ಇದ್ದೇ ಇರುತ್ತದೆ, ಗೋಡೆಯ ಮೇಲೆ. ನೆಲದ ಮೇಲೆ ಅದನ್ನು ಗಣಿತದ ಮೇಷ್ಟರು ಎರವಲು ತೆಗೆದುಕೊಂಡಿರುತ್ತಾರೆ. ಎರವಲು ಪಡೆದ ಪಿರಿಯಡ್ಡನ್ನು ವಾಪಸು ಕೊಟ್ಟ ಗಣಿತ ಮೇಷ್ಟರನ್ನು ನಾನಂತೂ ಕಂಡಿಲ್ಲ. ಹತ್ತು, ಹನ್ನೆರಡನೆಯ ತರಗತಿಯ ವರ್ಷ ಅದಕ್ಕೆ ಕ್ಷಮೆ ಇರಬಹುದು. ಹನ್ನೊಂದಕ್ಕೆ? 2017-18ರಲ್ಲಿ ತಂದ ಹನ್ನೊಂದನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ರಾಜ್ಯ ಸರ್ಕಾರ 2025-26ರಿಂದ ತೆಗೆದುಹಾಕಿದೆ. ಮೂರು ವರ್ಷ ಸಾಲಾಗಿ ಪಬ್ಲಿಕ್ ಪರೀಕ್ಷೆ ಬರೆದು ಮಕ್ಕಳು ಸೋಲುತ್ತಿದ್ದಾರೆ ಎಂಬ ದೂರಿಗೆ ಸಿಕ್ಕ ಉತ್ತರ ಅದು. ಆ ತೆರವಾದ ವರ್ಷವನ್ನು ಹನ್ನೆರಡರ ಪಾಠ ಮುಂಚಿತವಾಗಿ ಮುಗಿಸುವುದಕ್ಕೆ ನುಂಗಿಬಿಟ್ಟರೆ ತೆಗೆದು ಏನು ಬಂತು? ಹನ್ನೊಂದನೆಯ ತರಗತಿಯ ಮಕ್ಕಳು ತಂಡ ಕಟ್ಟಲಿ, ಕಿರಿಯರಿಗೆ ಆಟ ಕಲಿಸಲಿ. ಅದನ್ನು ಮಧ್ಯಾಹ್ನದ ಊಟಕ್ಕೆ ಮುಂಚಿನ ಪಿರಿಯಡ್ಡಿನಲ್ಲಿ ಇಡಲು ಹೇಳಿ. ಕೊನೆಯ ಪಿರಿಯಡ್ಡಿಗೆ ಇಟ್ಟರೆ ಬಸ್ಸಿನ ಮಕ್ಕಳ ಒಂದು ಕಣ್ಣು ರಸ್ತೆಯ ಮೇಲೇ ಇರುತ್ತದೆ.

ಈಗ ನಿದ್ದೆಯ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಕ್ಕಳ ಮನಸ್ಸಿನ ಆರೋಗ್ಯ ಎಂದರೆ ಈಗ ಎಲ್ಲರೂ ಕೌನ್ಸೆಲಿಂಗ್ ಎನ್ನುತ್ತಾರೆ. ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಸೀಮೆಯಲ್ಲಿ ಮಗುವಿನ ಮನಸ್ಸು ಕದಡುವುದು ಮೊದಲು ರಾತ್ರಿಯಲ್ಲಿ. ಹಿತ್ತಲ ಬೇಲಿ ಮುರಿಯುವ ಸದ್ದು, ಅಪ್ಪ ಟಾರ್ಚು ಹಿಡಿದು ಹೊರಗೆ ಹೋಗುವುದು, ಅವ್ವ ಉಸಿರು ಬಿಗಿಹಿಡಿದು ಕೂರುವುದು, ಮೂರು ಗಂಟೆಗೆ ಆನೆ ಹೋಯಿತು ಎಂದಾದ ಮೇಲೂ ನಿದ್ದೆ ಬಾರದಿರುವುದು. 2021ರಲ್ಲಿ ಟಿ-23 ಹುಲಿಯನ್ನು ಮೂರು ವಾರ ಹುಡುಕಿದ್ದು ನೆನಪಿದೆಯಲ್ಲ? ದನ ಮೇಯಿಸಲು ಹೋದವರು ಹಿಂದಿರುಗದೆ, ಗೂಡಲೂರಿನಿಂದ ಮಸಿನಗುಡಿವರೆಗೆ ಜನ ಬಾಗಿಲು ಹಾಕಿಕೊಂಡು ಕೂತಿದ್ದರು. ಅಕ್ಟೋಬರ್ 15ರಂದು ಅದನ್ನು ಜೀವಂತ ಹಿಡಿದು ಮೈಸೂರಿಗೆ ತಂದರು. ಪತ್ರಿಕೆಗಳಲ್ಲಿ ಸುದ್ದಿ ಅಲ್ಲಿಗೆ ಮುಗಿಯಿತು. ಆ ವರ್ಷ ಆರನೆಯ ತರಗತಿಯಲ್ಲಿದ್ದ ಮಗು ನಾಲ್ಕು ವರ್ಷದಲ್ಲಿ ಹತ್ತನೆಯ ತರಗತಿಗೆ ಬಂತು. ಅದರ ತಲೆಯೊಳಗೆ ಮುಗಿಯಿತೋ ಇಲ್ಲವೋ ಯಾರು ಕೇಳಿದರು?

ರಾತ್ರಿಯೆಲ್ಲ ಎಚ್ಚರವಿದ್ದ ಮಗು ಬೆಳಗ್ಗೆ ಕ್ಲಾಸಿನಲ್ಲಿ ತೂಕಡಿಸಿದರೆ ಅದಕ್ಕೆ ಸೋಮಾರಿ ಎಂಬ ಹೆಸರು. ದಾರಿಯಲ್ಲಿ ಆನೆ ನಿಂತು ಬಸ್ಸು ತಡವಾಗಿ ಬಂದರೆ ಗೇಟಿನ ಹೊರಗೆ ನಿಲ್ಲುವ ಶಿಕ್ಷೆ ಯಾವ ಶಾಲೆಯಲ್ಲೂ ಇರಬಾರದು. ಇದಕ್ಕೆ ಚೆನ್ನೈಯಿಂದ ಆದೇಶ ಬರಬೇಕಾಗಿಲ್ಲ. ನಿಮ್ಮ ಸಮಿತಿ ಒಂದು ಸಾಲು ಬರೆದರೆ ಸಾಕು. ಆನೆಯಿಂದ ತಡವಾದವರನ್ನು ತಡವಾದವರೆಂದು ಬರೆಯತಕ್ಕದ್ದಲ್ಲ. ಮಗುವೇ ಸುಳ್ಳು ಹೇಳಿದರೆ ಎಂದು ಯಾರಾದರೂ ಕೇಳಿಯಾರು. ಹೇಳಲಿ ಬಿಡಿ. ಒಂದು ಸುಳ್ಳಿಗೆ ಹೆದರಿ ಹತ್ತು ನಿಜಕ್ಕೆ ಶಿಕ್ಷೆ ಕೊಡುವುದು ಯಾವ ನ್ಯಾಯ? ಹೇಗಿದ್ದರೂ ಬಸ್ಸಿನ ಕಂಡಕ್ಟರಿಗೆ ಗೊತ್ತಿರುತ್ತದೆ, ಅವನನ್ನು ಕೇಳಬಹುದು. ಬೆಳಗಿನ ಪ್ರಾರ್ಥನೆಯ ಮುಂಚೆಯೋ ಹಾಜರಿಯ ಹೊತ್ತಿನಲ್ಲೋ ಕ್ಲಾಸ್ ಟೀಚರು ರಾತ್ರಿ ನಿದ್ದೆಯಾಯಿತಾ ಎಂದು ಕೇಳುವುದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ.

ನಿಮ್ಮ ಊರಿನಲ್ಲಿ ರಿವಾಲ್ಡೊ ಎಂಬ ಆನೆ ಇದೆ. ಸೊಂಡಿಲಿಗೆ ಗಾಯವಾಗಿದ್ದ ಅದನ್ನು 2021ರ ಮೇ ತಿಂಗಳಲ್ಲಿ ವಾಳೈತೋಟದ ಕ್ರಾಲಿಗೆ, ಅಂದರೆ ಮರದ ದೊಡ್ಡಿಗೆ ಹಾಕಿ, ಆಗಸ್ಟಿನಲ್ಲಿ ಮತ್ತೆ ಕಾಡಿಗೆ ಬಿಟ್ಟರು. ಬ್ರೆಜಿಲ್ಲಿನ ಫುಟ್‌ಬಾಲ್ ಆಟಗಾರನ ಹೆಸರಿನ ಆನೆ ಸಂಜೆ ಆರಕ್ಕೆ ಎಲ್ಲಿ ಬೇಕಾದರೂ ಓಡಾಡಬಹುದು, ಫುಟ್‌ಬಾಲ್ ಆಡಬೇಕಾದ ಮಕ್ಕಳು ಓಡಾಡುವಂತಿಲ್ಲ. ಇದು ತಮಾಷೆಗೆ ಹೇಳಿದ್ದು. ಆನೆಯ ಮೇಲೆ ನನಗೆ ಸಿಟ್ಟಿಲ್ಲ.

ಆಟದ ವಿಷಯ ಹೇಳುವಾಗ ರಕ್ತದ ವಿಷಯವನ್ನೂ ಹೇಳಲೇಬೇಕು. ಸಿಕಲ್ ಸೆಲ್ ಕಾಯಿಲೆಯ ಹೆಸರು ನಿಮ್ಮ ಕಡೆ ಹೊಸದಲ್ಲ. ಭಾರತದಲ್ಲಿ ಇದರ ಗುರುತು ಮೊದಲು ಸಿಕ್ಕಿದ್ದೇ ನೀಲಗಿರಿಯಲ್ಲಿ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ಇಲ್ಲಿನ ಬುಡಕಟ್ಟು ಜನರ ರಕ್ತ ಪರೀಕ್ಷಿಸಿ ಬರೆದರು. ತಂದೆ ತಾಯಿ ಇಬ್ಬರಲ್ಲೂ ಅದರ ಅಂಶ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬರೀ ಅಂಶವಿರುವವರು ಸಾಮಾನ್ಯವಾಗಿ ಎಲ್ಲರಂತೆ ಆಡಿಕೊಂಡಿರುತ್ತಾರೆ. ಕಾಯಿಲೆ ಇರುವವರಿಗೆ ಮಾತ್ರ ನೀರು ಕಡಿಮೆಯಾದರೆ, ಚಳಿ ತಗುಲಿದರೆ, ಅತಿಯಾಗಿ ಓಡಿದರೆ ಕೈಕಾಲು ಮೂಳೆಗಳಲ್ಲಿ ತಡೆಯಲಾರದ ನೋವು ಹಿಡಿಯುತ್ತದೆ. ಗೂಡಲೂರಿನ ಆದಿವಾಸಿ ಆಸ್ಪತ್ರೆಯವರು ಇದರ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಕೇಂದ್ರ ಸರ್ಕಾರದ ನಿರ್ಮೂಲನಾ ಯೋಜನೆ ಶುರುವಾದದ್ದು 2023ರ ಜುಲೈನಲ್ಲಿ.

ಮೈದಾನದಲ್ಲಿ ಸುಸ್ತಾಗಿ ಕೂತ ಮಗುವನ್ನು ಎಬ್ಬಿಸಿ ಇನ್ನೆರಡು ಸುತ್ತು ಓಡು ಎನ್ನುವ ಮುಂಚೆ ಪಿ.ಟಿ. ಮೇಷ್ಟರಿಗೆ ಇದು ಗೊತ್ತಿರಬೇಕು. ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸುವುದು ಬೇಡ. ಹುಡುಗಿಯ ಮದುವೆಯ ಮಾತಿನವರೆಗೂ ಆ ಪಟ್ಟಿ ಬೆನ್ನು ಬಿಡುವುದಿಲ್ಲ. ಹೆತ್ತವರು ಒಪ್ಪಿ ಹೇಳಿದರೆ ಮೇಷ್ಟರ ಕಿವಿಯಲ್ಲಿ ಮಾತ್ರ ಇರಲಿ. ನೀರಿನ ಬಾಟಲಿ ಎಲ್ಲ ಮಕ್ಕಳ ಕೈಯಲ್ಲೂ ಇರಲಿ, ಆಗ ಯಾರೂ ಬೇರೆಯಾಗಿ ಕಾಣುವುದಿಲ್ಲ. ಓಡಲಾಗದ ಮಗುವನ್ನು ಕ್ಲಾಸಿನಲ್ಲಿ ಕೂರಿಸಿ ಬರಬೇಡಿ. ವಿಸಿಲ್ ಕೊಡಿ, ಸ್ಕೋರು ಬರೆಯಲಿ, ತಂಡ ಆರಿಸಲಿ. 2022ರಲ್ಲಿ ಮಾಮಲ್ಲಪುರದಲ್ಲಿ ಚೆಸ್ ಒಲಿಂಪಿಯಾಡ್ ನಡೆದಾಗ ಸರ್ಕಾರಿ ಶಾಲೆಗಳಲ್ಲೂ ಚೆಸ್ ಸ್ಪರ್ಧೆ ಮಾಡಿಸಿದ್ದರು. ಆ ಬೋರ್ಡುಗಳು ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ.

ಎಂಟನೆಯ ತರಗತಿ ದಾಟಿದ ಮೇಲೆ ಇನ್ನೊಂದು ಗುಂಡಿ ಇದೆ. ಕಾಡೊಳಗಿನ ಊರುಗಳಿಂದ ಮಕ್ಕಳನ್ನು ಶಾಲೆಗೆ ಕರೆತರುವ ವಾಹನದ ಖರ್ಚಿಗೆ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹಣ ಇತ್ತು, ಎಂಟರವರೆಗೆ ಮಾತ್ರ. ಏಕೆಂದರೆ ಹಕ್ಕಿನ ಕಾಯ್ದೆ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ. ಓದು ಬಿಡಿಸುವುದಕ್ಕೆ ಅದಕ್ಕಿಂತ ಅನುಕೂಲವಾದ ವಯಸ್ಸು ಇನ್ನೊಂದಿಲ್ಲ. 2021ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಆ ಯೋಜನೆಯನ್ನು ಮುಂದುವರಿಸುವಾಗ ಪ್ರೌಢಶಾಲೆಯ ಮಕ್ಕಳಿಗೂ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಖರ್ಚು ಎಂದು ಸೇರಿಸಿತು. ನಿಮ್ಮ ಶಾಲೆಯ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಅದು ಬರುತ್ತಿದೆಯೇ? ಸಭೆಯಲ್ಲಿ ಕೇಳಿ. ಬರುತ್ತಿಲ್ಲವಾದರೆ ಯಾರ ಮಕ್ಕಳಿಗೆ, ಯಾವ ಊರಿನಿಂದ, ಎಷ್ಟು ದೂರ ಎಂದು ಒಂದು ಹಾಳೆಯಲ್ಲಿ ಬರೆದು ಜಿಲ್ಲಾ ಮುಖ್ಯ ಶಿಕ್ಷಣಾಧಿಕಾರಿಗೆ ಕಳಿಸಿ. ಅದೇ ಹಾಳೆಯ ನಕಲನ್ನು ಗ್ರಾಮಸಭೆಯಲ್ಲೂ ಓದಿಸಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ದಿನಗಳಲ್ಲಿ ತಮಿಳುನಾಡಿನ ಪಂಚಾಯಿತಿಗಳು ಗ್ರಾಮಸಭೆ ಕರೆಯಲೇಬೇಕು. ಸಂಜೆಯ ಬಸ್ಸನ್ನು ಅರ್ಧ ಗಂಟೆ ಆಚೀಚೆ ಮಾಡಿಸುವ ಮಾತೂ ಅಲ್ಲೇ ಆಗಲಿ.

ಓದಿಗೆ ತೊಂದರೆಯಾಗುತ್ತದೆ ಎನ್ನುವವರು ನಿಮ್ಮಲ್ಲೇ ಇರುತ್ತಾರೆ. ಅವರ ಭಯ ಸಣ್ಣದಲ್ಲ. ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡರವರೆಗೆ ಓದಿ ಕಾಲೇಜು ಸೇರಿದ ಹುಡುಗಿಗೆ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ, 2022ರಿಂದ. ಹುಡುಗರಿಗೆ ತಮಿಳ್ ಪುದಲ್ವನ್, 2024ರಿಂದ. ವೈದ್ಯಕೀಯ ಸೀಟಿನಲ್ಲಿ ಸರ್ಕಾರಿ ಶಾಲೆಯವರಿಗೆ 2020ರಿಂದ ಶೇ 7.5 ಮೀಸಲು. ಇಷ್ಟೆಲ್ಲ ಬಾಗಿಲು ತೆರೆದಿರುವಾಗ ಆಟವಾಡಿಸಿ ಹಾಳುಮಾಡುವುದೇಕೆ ಎಂದು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ: ಆ ಬಾಗಿಲುಗಳೆಲ್ಲ ಇರುವುದು ಹನ್ನೆರಡನೆಯ ತರಗತಿಯ ಆಚೆ. ಅಲ್ಲಿಯವರೆಗೆ ಮಗು ಶಾಲೆಯಲ್ಲಿ ಉಳಿಯಬೇಕು. ಸೀಸನ್ನಿನಲ್ಲಿ ಜೀಪು, ಹೋಟೆಲ್ಲು, ಕಾಟೇಜು ಹದಿನಾರರ ಹುಡುಗನನ್ನು ದಿನವೂ ಕೈಬೀಸಿ ಕರೆಯುತ್ತವೆ, ಸಂಜೆಗೆ ಕೈಯಲ್ಲಿ ಕಾಸೂ ಇಡುತ್ತವೆ. ಸಾವಿರ ರೂಪಾಯಿ ಎರಡು ವರ್ಷ ಬಿಟ್ಟು ಬರುತ್ತದೆ ಎಂಬ ಮಾತು ಅವನಿಗೆ ತಲುಪುವುದಿಲ್ಲ. ನೀನು ಬರದಿದ್ದರೆ ನಾಳೆ ತಂಡಕ್ಕೆ ಆಳು ಕಮ್ಮಿ ಎಂಬ ಮಾತು ತಲುಪುತ್ತದೆ.

ಮಾತಿನ ಸಂಗತಿ ಒಂದು ಉಳಿದಿದೆ. ಪೈಕಾರ, ಮೋಯಾರ್ ವಿದ್ಯುತ್ ಯೋಜನೆಗಳ ಕೆಲಸಕ್ಕೆ ಬಂದವರು, ಅದಕ್ಕೂ ಮುಂಚಿನಿಂದ ಇದ್ದವರು, ಬೆಟ್ಟದ ಮೇಲಿನ ಬಡಗರು, ಮಲಯಾಳಿಗಳು, ನಮ್ಮ ಕಡೆಯಿಂದ ಬಂದವರು, ಎಲ್ಲರೂ ಸೇರಿ ಆದ ಊರು ನಿಮ್ಮದು. ಮನೆಯಲ್ಲಿ ಕನ್ನಡವೋ ಇರುಳವೋ ಜೇನುಕುರುಂಬರ ನುಡಿಯೋ, ಶಾಲೆಯಲ್ಲಿ ತಮಿಳು. ಕ್ಲಾಸಿನಲ್ಲಿ ಬಾಯಿ ಬಿಡದ ಮಗು ಕಬಡ್ಡಿಯ ಗೆರೆ ದಾಟಿದ ಕೂಡಲೇ ಗಂಟಲು ಹರಿಯುವಂತೆ ಕೂಗುವುದನ್ನು ನೀವೆಲ್ಲ ಕಂಡಿದ್ದೀರಿ. ಅಲ್ಲಿ ಕಲಿತ ತಮಿಳು ಪುಸ್ತಕದ ತಮಿಳಿಗಿಂತ ಬೇಗ ಬಾಯಿಗೆ ಬರುತ್ತದೆ ಎಂಬುದಕ್ಕೆ ನಮ್ಮ ಚಿಕ್ಕಮ್ಮನ ಮಕ್ಕಳೇ ಸಾಕ್ಷಿ.

ಸಭೆಗೆ ಹೋಗುವಾಗ ಬಸ್ಸಿನ ವೇಳೆ ಬರೆದ ಚೀಟಿಯನ್ನು ಒಯ್ಯಿರಿ. ಶಾಲೆಯ ಟೈಮ್‌ಟೇಬಲ್ ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ಓದಿಸಿ. ವಾರಕ್ಕೆ ಮೂರು ಪಿರಿಯಡ್, ಊಟಕ್ಕೆ ಮುಂಚೆ, ಎರವಲು ಕೊಡುವಂತಿಲ್ಲ. ಠರಾವಿಗೆ ಇಷ್ಟು ಸಾಕು. ಹಾಡಿಗಳಿಂದ ಬಂದ ತಾಯಂದಿರು ಸಭೆಯಲ್ಲಿ ಹಿಂದೆ ಕೂರುವುದು ರೂಢಿ. ಈ ಸಲ ಠರಾವನ್ನು ಅವರಲ್ಲೊಬ್ಬರು ಮಂಡಿಸಲಿ.

ನಿಮ್ಮವ,
ಗುಂಡ್ಲುಪೇಟೆ ಕಡೆಯ ನೆಂಟ

ಮರೆತಿದ್ದೆ: ನಿಮ್ಮಲ್ಲಿ ಮಧ್ಯಾಹ್ನದ ಊಟ ಹತ್ತನೆಯ ತರಗತಿವರೆಗೆ, ಬೆಳಗಿನ ತಿಂಡಿ ಐದರವರೆಗೆ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುವ ಹನ್ನೊಂದು, ಹನ್ನೆರಡರ ಮಕ್ಕಳಿಗೆ ಎರಡೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿಸಿ ಆಟ ಎಂದರೆ ಆಗದು. ಹಳೆಯ ವಿದ್ಯಾರ್ಥಿಗಳು ಊಟಿಯಲ್ಲಿ, ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾರಲ್ಲ, ವಾರ್ಷಿಕೋತ್ಸವಕ್ಕೆ ಶೀಲ್ಡು ಕೊಡಿಸುತ್ತೇವೆ ಎಂದು ಬಂದಾಗ ಶೀಲ್ಡಿನ ಬದಲು ಕಡಲೆ, ಬಾಳೆಹಣ್ಣು, ಮೊಟ್ಟೆ ಕೇಳಿ. ಇನ್ನೊಂದು ಮಾತು: ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416, ಈ ಎರಡು ನಂಬರುಗಳನ್ನು ಬಸ್ಸು ಕಾಯುವ ಜಾಗದಲ್ಲೇ ದೊಡ್ಡದಾಗಿ ಬರೆಸಿ, ತಮಿಳಿನಲ್ಲೂ ಕನ್ನಡದಲ್ಲೂ.